ಪೆಡಿಗ್ರಿ: ಹಕ್ಕಿಯ ಪಾದದಿಂದ ಆಟದ ನಾಯಿಮರಿಯವರೆಗೆ

ನಮ್ಮ ಪೇಟೆಗಳಲ್ಲಿ 'ಪೆಡಿಗ್ರಿ' ಎಂದರೆ ಮೊದಲು ನೆನಪಾಗುವುದು ನಾಯಿ ತಿಂಡಿಯ ಪ್ಯಾಕೆಟ್. ಮರಿ ಮಾರುವವರ ಬಾಯಲ್ಲಿ ಅದೇ ಪದ ಬೆಲೆಯ ಮಾತಾಗುತ್ತದೆ: "ಪೆಡಿಗ್ರಿ ಮರಿ ಸಾರ್, ಪೇಪರ್ ಸಮೇತ ಕೊಡ್ತೀವಿ." ಈ ಪದಕ್ಕೆ ಮೂರನೆಯ ಬಳಕೆಯೊಂದು ಕಂಪ್ಯೂಟರ್ ಆಟಗಳ ಲೋಕದಲ್ಲಿದೆ. 'ದ ಸಿಮ್ಸ್'ನಂಥ ಜೀವನಾನುಕರಣೆಯ ಆಟಗಳಲ್ಲಿ ಮನೆ ಕಟ್ಟಿ, ಸಂಸಾರ ನಡೆಸಿ, ನಾಯಿ ಬೆಕ್ಕುಗಳನ್ನು ಸಾಕುವವರು ಲಕ್ಷಾಂತರ ಮಂದಿ. ಅವರಲ್ಲಿ ಕೆಲವರಿಗೆ ಆಟ ಕೊಟ್ಟಷ್ಟು ಸಾಲದು. ಆಟದೊಳಗೆ ಮರಿ ಹುಟ್ಟುವ ಬಗೆ ನಿಜಕ್ಕೆ ಹತ್ತಿರವಾಗಿರಬೇಕೆಂದು ಅವರು ಆಟದ ನಿಯಮಗಳನ್ನೇ ತಿದ್ದುತ್ತಾರೆ. ಈ ತಿದ್ದುವ ಕೆಲಸಕ್ಕೆ 'ಮಾಡಿಂಗ್' ಎಂದು ಹೆಸರು. ಅವರ ಕೈಯಲ್ಲಿ ಪೆಡಿಗ್ರಿ ಎಂಬ ಹಳೆಯ ಪದಕ್ಕೆ ಅದರ ಮೊದಲ ಕೆಲಸ ಮರಳಿ ಸಿಕ್ಕಿದೆ ಎಂಬುದು ನನ್ನ ನಂಬಿಕೆ. ಅದೇಕೆಂದು ತಿಳಿಯಲು ಆರುನೂರು ವರ್ಷ ಹಿಂದಕ್ಕೆ ಹೋಗಬೇಕು.

15ನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ಈ ಪದ 'ಪೆಡಿಗ್ರೂ' ಎಂಬಂಥ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಬಂದದ್ದು ಅಲ್ಲಿನ ಆಳುವವರು ಆಡುತ್ತಿದ್ದ ಫ್ರೆಂಚಿನಿಂದ. 'ಪಿಯೆ ದ ಗ್ರೂ' ಎಂದರೆ ಕ್ರೌಂಚದ ಪಾದ. ವಂಶಾವಳಿ ಬರೆಯುತ್ತಿದ್ದ ಲಿಪಿಕಾರರು ತಂದೆಯ ಹೆಸರಿನಿಂದ ಮಕ್ಕಳ ಹೆಸರುಗಳಿಗೆ ಗೆರೆಗಳನ್ನು ಎಳೆಯುತ್ತಿದ್ದರು. ಒಂದು ಬಿಂದುವಿನಿಂದ ಹೊರಟು ಕವಲೊಡೆಯುವ ಮೂರು ಗೆರೆಗಳು ಕೆಸರಿನಲ್ಲಿ ಊರಿದ ಉದ್ದ ಬೆರಳಿನ ಹಕ್ಕಿಯ ಹೆಜ್ಜೆಯ ಹಾಗೆ ಕಾಣುತ್ತಿದ್ದವು. ಗುರುತಿನ ಹೆಸರೇ ಪಟ್ಟಿಯ ಹೆಸರಾಯಿತು, ಪಟ್ಟಿಯ ಹೆಸರು ಮುಂದೆ ವಂಶದ ಹೆಸರೂ ಆಯಿತು. ಪದದ ಮೊದಲರ್ಧ ನಮಗೆ ದೂರದ್ದೇನೂ ಅಲ್ಲ. ಲ್ಯಾಟಿನ್ನಿನ 'ಪೆಸ್', 'ಪೆಡಿಸ್' ಮತ್ತು ಸಂಸ್ಕೃತದ 'ಪಾದ' ಒಂದೇ ಬೇರಿನವು. ಸೈಕಲ್ಲಿನ ಪೆಡಲ್ ಕೂಡ ಈ ಬಳಗದ್ದೇ. ಉಳಿದರ್ಧವಾದ 'ಗ್ರೂಸ್' ಕ್ರೌಂಚದ ಲ್ಯಾಟಿನ್ ಹೆಸರು. ಪಕ್ಷಿವಿಜ್ಞಾನಿಗಳು ಇಂದಿಗೂ ಆ ಕುಲದ ಹಕ್ಕಿಗಳನ್ನು ಅದೇ ಹೆಸರಿನಿಂದ ಕರೆಯುತ್ತಾರೆ.

ಲಿಪಿಕಾರನ ಕಣ್ಣು ಎಲ್ಲ ಕಡೆಯೂ ಹಕ್ಕಿಯ ಕಾಲನ್ನು ಕಂಡಿದೆ. ನಮ್ಮ ಓಲೆಗರಿ, ಕಡತಗಳಲ್ಲಿ ಬರೆಯುವಾಗ ಅಕ್ಷರವೋ ಪದವೋ ಬಿಟ್ಟುಹೋದರೆ ಆ ಜಾಗದಲ್ಲಿ ಒಂದು ಸಣ್ಣ ಗುರುತು ಹಾಕಿ ಮೇಲೆ ಸೇರಿಸುತ್ತಿದ್ದರು. ಅದಕ್ಕೆ 'ಹಂಸಪಾದ' ಎಂದು ಹೆಸರು, 'ಕಾಕಪಾದ' ಎಂದೂ ಕರೆಯುವುದುಂಟು. ಕರಡು ತಿದ್ದುವವರು ಈಗಲೂ ಆ ಮಾತನ್ನು ಬಳಸುತ್ತಾರೆ. ಹಂಸಪಾದ ಬಿಟ್ಟುಹೋದುದನ್ನು ತಂದು ಸೇರಿಸುತ್ತದೆ, ಕ್ರೌಂಚಪಾದ ಹುಟ್ಟಿದವರನ್ನು ಹೆತ್ತವರಿಗೆ ಸೇರಿಸುತ್ತದೆ. ಎರಡೂ ಬರವಣಿಗೆಯ ಗುರುತುಗಳು. ಅವು ಯಾರ ಹೆಚ್ಚುಗಾರಿಕೆಯನ್ನೂ ಸಾರುವುದಿಲ್ಲ. ಪೆಡಿಗ್ರಿಯ ಮೊದಲ ಅರ್ಥದಲ್ಲಿ ಶ್ರೇಷ್ಠತೆಯ ಸುಳಿವೇ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಇವರಿಗೆ ಇವರು ಹುಟ್ಟಿದರು ಎನ್ನುವಷ್ಟೇ ಅದರ ಮಾತು.

ನಮ್ಮ ಕಡೆ ಇದೇ ಕೆಲಸಕ್ಕೆ 'ವಂಶ' ಎಂಬ ಪದವಿದೆ. ಸಂಸ್ಕೃತದಲ್ಲಿ ವಂಶವೆಂದರೆ ಬಿದಿರೂ ಹೌದು, ಕುಲಪರಂಪರೆಯೂ ಹೌದು. ಬಿದಿರು ಗೆಣ್ಣಿನ ಮೇಲೆ ಗೆಣ್ಣು ಬೆಳೆಯುತ್ತದೆ, ಪರಂಪರೆ ತಲೆಮಾರಿನ ಮೇಲೆ ತಲೆಮಾರು ಸಾಗುತ್ತದೆ. ಗಂಗರ, ಚಾಲುಕ್ಯರ ತಾಮ್ರಪಟಗಳು ದಾನದ ವಿವರಕ್ಕೆ ಮೊದಲು ಅರಸನ ಹಿರಿಯರನ್ನು ಸಾಲಾಗಿ ಹೆಸರಿಸುತ್ತವೆ. ಅರಸರಿಗೆ ತಾಮ್ರಪಟವಿದ್ದರೆ ಒಕ್ಕಲು ಮನೆಗಳಿಗೆ ಹೆಳವರಿದ್ದರು. ಎತ್ತಿನೊಡನೆ ಊರೂರು ತಿರುಗುತ್ತ, ಮನೆಯ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನು ಒಂದೊಂದಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುವುದು ಅವರ ಕುಲವೃತ್ತಿ. ಕ್ರೌಂಚಪಾದ ಎಳೆದ ಲಿಪಿಕಾರನ ಕೆಲಸವನ್ನೇ ಅವರು ಬಾಯಲ್ಲೂ ಹೊತ್ತಿಗೆಯಲ್ಲೂ ಮಾಡಿದರು. ಬಡವನ ಮನೆಯಾದರೂ ಅವರ ಪಾಲಿಗೆ ಅದು ದಾಖಲಿಸಬೇಕಾದ ಮನೆಯೇ.

ಇಂಗ್ಲಿಷಿನಲ್ಲಿ ಪೆಡಿಗ್ರಿ ಮನುಷ್ಯರಿಂದ ಪ್ರಾಣಿಗಳಿಗೆ ದಾಟಿದ್ದು 1600ರ ಸುಮಾರಿಗೆ. ಅದಕ್ಕೆ ಬಲ ಬಂದದ್ದು 18ನೆಯ ಶತಮಾನದಲ್ಲಿ. ಲೆಸ್ಟರ್‌ಶೈರಿನ ಡಿಶ್ಲಿ ಎಂಬಲ್ಲಿ ಒಕ್ಕಲುತನ ಮಾಡುತ್ತಿದ್ದ ರಾಬರ್ಟ್ ಬೇಕ್‌ವೆಲ್ ತನಗೆ ಬೇಕಾದ ಗುಣವಿರುವ ಟಗರನ್ನು ಅದರ ಹತ್ತಿರದ ರಕ್ತಸಂಬಂಧದ ಕುರಿಗಳಿಗೇ ಬಿಟ್ಟು, ಪೀಳಿಗೆಯಿಂದ ಪೀಳಿಗೆಗೆ ಆ ಗುಣವನ್ನು ಗಟ್ಟಿ ಮಾಡಿದ. ಬೇಗ ಕೊಬ್ಬುವ ನ್ಯೂ ಲೆಸ್ಟರ್ ಕುರಿ ಹೀಗೆ ಹುಟ್ಟಿತು. ಇತ್ತ ಕುದುರೆ ಜೂಜಿನವರಿಗೆ ಯಾವ ಕುದುರೆ ಯಾವುದರ ಮಗ ಎಂಬ ಖಚಿತ ದಾಖಲೆ ಬೇಕಾಗಿತ್ತು. ಜೇಮ್ಸ್ ವೆದರ್ಬಿ 1791ರಲ್ಲಿ 'ಜನರಲ್ ಸ್ಟಡ್ ಬುಕ್'ನ ಪೀಠಿಕಾ ಸಂಪುಟವನ್ನೂ 1793ರಲ್ಲಿ ಮೊದಲ ಸಂಪುಟವನ್ನೂ ಹೊರತಂದ. ಇಂದಿನ ಥರೋಬ್ರೆಡ್ ಎಂಬ ರೇಸ್ ತಳಿಯ ಕುದುರೆಗಳೆಲ್ಲದರ ಗಂಡು ಸಾಲು ಮೂರೇ ಮೂರು ಕುದುರೆಗಳಿಗೆ ಹೋಗಿ ಮುಟ್ಟುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಟಿಪ್ಪುವಿನ ಕಾಲದ ಅಶ್ವಶಾಲೆಯಿಂದ ಬೆಳೆದ ನಮ್ಮ ಕುಣಿಗಲ್ ಸ್ಟಡ್ ಫಾರಂನಲ್ಲಿ ಹುಟ್ಟಿದ ರೇಸ್ ಕುದುರೆಗಳ ತಂದೆ ಸಾಲನ್ನು ಹಿಡಿದು ಹೋದರೂ ಕೊನೆಗೆ ಸಿಗುವುದು ಈ ಮೂರರಲ್ಲಿ ಒಂದೇ.

1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಯಿತು, ಮರುವರ್ಷ ನಾಯಿಗಳ ಮೊದಲ ಸ್ಟಡ್ ಬುಕ್ ಬಂತು. ನಾಯಿಗಳ ವಿಷಯದಲ್ಲಿ ಪೆಡಿಗ್ರಿಯ ಅರ್ಥ ಹೊರಳಿದ್ದು ಈ ಹಂತದಲ್ಲಿ. ಅಲ್ಲಿಯವರೆಗೆ ಕುರಿ ಕಾಯಲು ಬಲ್ಲ ನಾಯಿ ಕುರಿನಾಯಿ, ಮೊಲ ಹಿಡಿಯಲು ಬಲ್ಲದ್ದು ಬೇಟೆನಾಯಿ. ಪ್ರದರ್ಶನದ ಅಂಗಳ ಬಂದ ಮೇಲೆ ಕೆಲಸಕ್ಕಿಂತ ರೂಪ ಮುಖ್ಯವಾಯಿತು, ರೂಪಕ್ಕಿಂತ ಪುಸ್ತಕದಲ್ಲಿನ ಹೆಸರು ಮುಖ್ಯವಾಯಿತು. ನೋಂದಾಯಿತ ತಂದೆತಾಯಿಗೆ ಹುಟ್ಟಿದ್ದಷ್ಟೇ ಒಳಗೆ, ಉಳಿದದ್ದು ಹೊರಗೆ. ಸಂಬಂಧವನ್ನು ತೋರಿಸುತ್ತಿದ್ದ ಗೆರೆ ಬೇಲಿಯಾಯಿತು. 'ಪೆಡಿಗ್ರಿ ಇದೆ' ಎಂದರೆ ಕುಲೀನ, 'ಇಲ್ಲ' ಎಂದರೆ ಲೆಕ್ಕಕ್ಕಿಲ್ಲ ಎಂಬ ಅರ್ಥ ನೆಲೆ ನಿಂತಿತು. ಹೆತ್ತವರಿಲ್ಲದ ಪ್ರಾಣಿ ಲೋಕದಲ್ಲಿ ಇಲ್ಲ. ಬೀದಿನಾಯಿಗೂ ಅಷ್ಟೇ ಉದ್ದದ ವಂಶಾವಳಿ ಇದೆ, ಬರೆದವರಿಲ್ಲ ಅಷ್ಟೆ.

ಕನ್ನಡದ ಆಡುಮಾತು ಈ ಬೇಲಿಯನ್ನು ತನ್ನದೇ ಪದಗಳಲ್ಲಿ ಕಟ್ಟಿಕೊಂಡಿತು. ಕಾಗದವುಳ್ಳ ನಾಯಿಯನ್ನು ನಾವು 'ಜಾತಿ ನಾಯಿ' ಎನ್ನುತ್ತೇವೆ. ಉಳಿದದ್ದು 'ಕಂತ್ರಿ ನಾಯಿ'. ಬ್ರಿಟಿಷರ ಕಾಲದಲ್ಲಿ ಊರ ನಾಯಿಗೆ ಅಂಟಿದ 'ಕಂಟ್ರಿ' ಎಂಬ ವಿಶೇಷಣವೇ ನಮ್ಮ ಬಾಯಲ್ಲಿ 'ಕಂತ್ರಿ' ಆಯಿತು ಎಂದು ಹೇಳುವುದುಂಟು. ಈ ನೆಲದ್ದು ಎಂಬ ಗುರುತೇ ಬೈಗುಳವಾದದ್ದು ನೋವಿನ ಸಂಗತಿ. ಅದಕ್ಕೂ ಮಿಗಿಲಾದದ್ದು 'ಜಾತಿ' ಎಂಬ ಪದದ ಒಳಗಿದೆ. ಅದು ಸಂಸ್ಕೃತದ 'ಜನ್' ಧಾತುವಿನಿಂದ ಬಂದದ್ದು, ಹುಟ್ಟು ಎಂದು ಅರ್ಥ. ಜನ್ಮ, ಜನಕ, ಜನ ಎಲ್ಲವೂ ಅಲ್ಲಿಯವೇ. ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್ಸನ್ 1909ರಲ್ಲಿ ಬಳಕೆಗೆ ತಂದ 'ಜೀನ್' ಎಂಬ ಪದದ ಹಿಂದಿರುವ ಗ್ರೀಕ್ ಧಾತುವೂ ಇದರ ಒಡಹುಟ್ಟೇ. ಜಾತಿ ಮತ್ತು ಜೀನ್ ಒಂದೇ ಬೇರಿನ ಎರಡು ಕವಲುಗಳು. ಒಂದು ಕವಲು ಮೇಲುಕೀಳಿನ ಕಡೆ ಬಾಗಿತು, ಇನ್ನೊಂದು ಯಾವ ಗುಣ ಹೇಗೆ ದಾಟುತ್ತದೆ ಎಂಬ ಹುಡುಕಾಟದ ಕಡೆ ಹೋಯಿತು.

ಆ ಹುಡುಕಾಟ ಆರಂಭವಾದದ್ದು ಗ್ರೆಗರ್ ಮೆಂಡಲನ ಬಟಾಣಿ ಗಿಡಗಳಿಂದ. 1866ರಲ್ಲಿ ಅಚ್ಚಾದ ಅವನ ಬರಹ 1900ರಲ್ಲಿ ಮತ್ತೆ ಬೆಳಕಿಗೆ ಬಂತು. ಪ್ರತಿ ಜೀವಿಯೂ ಒಂದೊಂದು ಗುಣಕ್ಕೆ ಎರಡು ಪ್ರತಿಗಳನ್ನು ಹೊತ್ತಿರುತ್ತದೆ, ಒಂದು ತಾಯಿಯದು, ಒಂದು ತಂದೆಯದು. ಪ್ರಬಲ ಪ್ರತಿ ಕಣ್ಣಿಗೆ ಕಾಣುತ್ತದೆ. 'ದುರ್ಬಲ' ಎಂದು ಪಠ್ಯಪುಸ್ತಕ ಹೇಳುವ ಪ್ರತಿ ಮರೆಯಲ್ಲಿ ಉಳಿದು, ತನ್ನಂಥ ಇನ್ನೊಂದು ಸಿಕ್ಕಾಗ ಮೊಮ್ಮಕ್ಕಳಲ್ಲಿ ಹೊರಗೆ ಬರುತ್ತದೆ. ಇದು ತಿಳಿದ ಮೇಲೆ ವೈದ್ಯರ ಪೆಡಿಗ್ರಿ ನಕ್ಷೆ ಬಂತು: ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಕಪ್ಪು ತುಂಬಿದ ಗುರುತು. ವಿಕ್ಟೋರಿಯಾ ರಾಣಿಯ ಸಂತತಿಯಲ್ಲಿ ಹೀಮೋಫೀಲಿಯಾ ಹರಿದ ಬಗೆಯನ್ನು ವಿದ್ಯಾರ್ಥಿಗಳು ಇಂಥ ನಕ್ಷೆಯಲ್ಲೇ ಓದುತ್ತಾರೆ. ರಾಜಮನೆತನದ ಹೆಮ್ಮೆಯ ಪಟ್ಟಿ ಇಲ್ಲಿ ರೋಗದ ದಾರಿ ತೋರಿಸುವ ನಕ್ಷೆಯಾಯಿತು.

ಹತ್ತಿರದ ರಕ್ತಸಂಬಂಧದಲ್ಲಿ ಕೂಡಿಸುವುದರ ಅಪಾಯವನ್ನು ಗೆರೆಗಳನ್ನು ಎಣಿಸಿಯೇ ಅಳೆಯಬಹುದೆಂದು ತೋರಿಸಿದವನು ಅಮೆರಿಕದ ಸೀವಾಲ್ ರೈಟ್. ಗಿನಿಯಿಲಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಅವನು 1922ರಲ್ಲಿ ಇನ್‌ಬ್ರೀಡಿಂಗ್ ಗುಣಾಂಕದ ಸೂತ್ರವನ್ನು ಪ್ರಕಟಿಸಿದ. ಸೂತ್ರ ಸರಳ. ತಂದೆಯಿಂದ ಹೊರಟು, ಇಬ್ಬರಿಗೂ ಸಾಮಾನ್ಯನಾದ ಹಿರಿಯನನ್ನು ದಾಟಿ, ತಾಯಿಯನ್ನು ಮುಟ್ಟುವ ದಾರಿಯಲ್ಲಿ ಎಷ್ಟು ಜೀವಿಗಳಿವೆ ಎಂದು ಎಣಿಸಿ, ಅಷ್ಟು ಅರ್ಧಗಳನ್ನು ಒಂದಕ್ಕೊಂದು ಗುಣಿಸಬೇಕು. ಅಣ್ಣತಂಗಿ ನಾಯಿಗಳನ್ನು ಕೂಡಿಸಿದರೆ ತಂದೆ, ಅಜ್ಜ, ತಾಯಿ ಎಂದು ಮೂರು ಜೀವಿಗಳು, ಎಂದರೆ ಎಂಟರಲ್ಲೊಂದು. ಅಜ್ಜಿಯ ಮೂಲಕ ಇನ್ನೊಂದು ಎಂಟರಲ್ಲೊಂದು. ಒಟ್ಟು ನಾಲ್ಕರಲ್ಲೊಂದು, ಅಂದರೆ ಶೇ. 25. ಮರಿಯ ಯಾವುದೇ ಒಂದು ಜೀನಿನ ಎರಡೂ ಪ್ರತಿಗಳು ಒಂದೇ ಹಿರಿಯನ ಒಂದೇ ಪ್ರತಿಯಿಂದ ಇಳಿದಿರುವ ಸಂಭವ ಅಷ್ಟು. ನಮ್ಮ ಕಡೆ ರೂಢಿಯಲ್ಲಿದ್ದ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಇದು ಶೇ. 12.5. ಸ್ಪೇನಿನ ಅರಸ ಎರಡನೆಯ ಚಾರ್ಲ್ಸ್ ಇಂಥ ಮದುವೆಯ ಮಗ. ಆದರೆ ಹಿಂದಿನ ತಲೆಮಾರುಗಳ ಒಳಮದುವೆಗಳನ್ನೂ ಸೇರಿಸಿ ಸಂಶೋಧಕರು 2009ರಲ್ಲಿ ಲೆಕ್ಕ ಹಾಕಿದಾಗ ಅವನ ಗುಣಾಂಕ ಸುಮಾರು ಶೇ. 25 ಬಂತು. ಬಾಳೆಲ್ಲ ರೋಗಿಯಾಗಿದ್ದ ಅವನು 1700ರಲ್ಲಿ, 38ನೆಯ ವಯಸ್ಸಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಸ್ಪೇನಿನ ಹ್ಯಾಬ್ಸ್‌ಬರ್ಗ್ ಸಾಲು ಅಲ್ಲಿಗೆ ಮುಗಿಯಿತು. ಯುರೋಪಿನ ಅತಿ ಭವ್ಯ ಪೆಡಿಗ್ರಿಗಳಲ್ಲಿ ಅದೂ ಒಂದಾಗಿತ್ತು.

ನಾಯಿಗಳ ಕಥೆಯೂ ಇದೇ ದಾರಿ ಹಿಡಿದಿತ್ತು. ಬಿಳಿ ಮೈಯ ಮೇಲೆ ಕಪ್ಪು ಚುಕ್ಕೆಯ ಡಾಲ್ಮೇಷಿಯನ್ ತಳಿಯಲ್ಲಿ ಯೂರಿಕ್ ಆಮ್ಲವನ್ನು ಸರಿಯಾಗಿ ನಿಭಾಯಿಸುವ ಜೀನಿನ ಆರೋಗ್ಯವಂತ ಪ್ರತಿಯೇ ಕಳೆದುಹೋಗಿತ್ತು. ಅದರಿಂದ ಮೂತ್ರಕೋಶದಲ್ಲಿ ಕಲ್ಲುಗಟ್ಟುವ ತೊಂದರೆ. ತಳಿಯ ಬೇಲಿಯೊಳಗೆ ಎಲ್ಲಿ ಹುಡುಕಿದರೂ ಆ ಪ್ರತಿ ಸಿಗುವಂತಿರಲಿಲ್ಲ. ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ 1973ರಲ್ಲಿ ಡಾಲ್ಮೇಷಿಯನ್ ನಾಯಿಯೊಂದನ್ನು ಪಾಯಿಂಟರ್ ತಳಿಯ ನಾಯಿಯ ಜೊತೆ ಒಂದೇ ಒಂದು ಸಲ ಕೂಡಿಸಿ, ಆಮೇಲಿನ ಪೀಳಿಗೆಗಳನ್ನೆಲ್ಲ ಮತ್ತೆ ಡಾಲ್ಮೇಷಿಯನ್ನುಗಳಿಗೇ ಕೂಡಿಸುತ್ತ ಹೋದ. ಪ್ರತಿ ಹಂತದಲ್ಲೂ ಆರೋಗ್ಯವಂತ ಪ್ರತಿಯನ್ನು ಹೊತ್ತ ಮರಿಗಳನ್ನೇ ಆರಿಸಿಕೊಂಡ. ಈ ಸಾಲಿನ ನಾಯಿಗಳನ್ನು ಅಮೆರಿಕನ್ ಕೆನಲ್ ಕ್ಲಬ್ ಪೂರ್ತಿಯಾಗಿ ಒಪ್ಪಿದ್ದು 2011ರಲ್ಲಿ. ಬ್ರಿಟನ್ನಿನಲ್ಲಿ 2008ರಲ್ಲಿ ಬಿಬಿಸಿ ಪ್ರಸಾರ ಮಾಡಿದ 'ಪೆಡಿಗ್ರಿ ಡಾಗ್ಸ್ ಎಕ್ಸ್‌ಪೋಸ್ಡ್' ಸಾಕ್ಷ್ಯಚಿತ್ರ ದೊಡ್ಡ ಚರ್ಚೆ ಎಬ್ಬಿಸಿತು. ಅದರ ಮರುವರ್ಷ ಅಲ್ಲಿನ ಕೆನಲ್ ಕ್ಲಬ್ ತಾಯಿಮಗ, ತಂದೆಮಗಳು, ಅಣ್ಣತಂಗಿ ನಾಯಿಗಳಿಗೆ ಹುಟ್ಟಿದ ಮರಿಗಳ ನೋಂದಣಿಯನ್ನು ನಿಲ್ಲಿಸಿತು.

ಇದೇ ದಶಕಗಳಲ್ಲಿ ಪೆಡಿಗ್ರಿಯ ಪ್ರಶ್ನೆಯನ್ನು ಹೊಸದಾಗಿ ಕೈಗೆತ್ತಿಕೊಂಡವರಲ್ಲಿ ಆಟಗಾರರೂ ಇದ್ದರು. 1996ರಲ್ಲಿ ಬ್ರಿಟನ್ನಿನ ಸ್ಟೀವ್ ಗ್ರ್ಯಾಂಡ್ ರೂಪಿಸಿದ 'ಕ್ರಿಯೇಚರ್ಸ್' ಆಟದಲ್ಲಿ ನಾರ್ನ್ ಎಂಬ ಜೀವಿಗಳಿಗೆ ನಿಜಕ್ಕೂ ಜೀನುಗಳಿದ್ದವು. ಅವು ಹೆತ್ತವರಿಂದ ಬೆರೆತು ಬರುತ್ತಿದ್ದವು, ಒಮ್ಮೊಮ್ಮೆ ತಪ್ಪಾಗಿ ನಕಲಾಗಿ ಹೊಸ ಗುಣವನ್ನೂ ತರುತ್ತಿದ್ದವು. ಸ್ಯಾನ್ ಫ್ರಾನ್ಸಿಸ್ಕೊದ ಪಿ.ಎಫ್. ಮ್ಯಾಜಿಕ್ ಸಂಸ್ಥೆ 1995ರಲ್ಲಿ 'ಡಾಗ್ಸ್', ಮರುವರ್ಷ 'ಕ್ಯಾಟ್ಸ್' ತಂದಿತು. ಆ ಸರಣಿಯ ಮೂರನೆಯ ಆವೃತ್ತಿಯಲ್ಲಿ ಮರಿ ಹಾಕಿಸುವ ಅವಕಾಶ ಬಂದಾಗ ಆಟಗಾರರು ತಳಿಯ ಕಡತಗಳನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದು ಅಂಕಿ ಅಂಕಿಯಾಗಿ ತಿದ್ದಿ ಹೊಸ ತಳಿಗಳನ್ನು ಮಾಡಿದರು. ವಿಲ್ ರೈಟ್ ರೂಪಿಸಿದ 'ದ ಸಿಮ್ಸ್' ಬಂದದ್ದು 2000ದಲ್ಲಿ. 2004ರ 'ದ ಸಿಮ್ಸ್ 2'ರಲ್ಲಿ ಮನುಷ್ಯ ಪಾತ್ರಗಳ ಕೂದಲಿಗೂ ಕಣ್ಣಿಗೂ ಮೆಂಡಲನ ನಿಯಮ ಅನ್ವಯಿಸಿತು. ಕಪ್ಪು ಮತ್ತು ಕಂದು ಕೂದಲು ಪ್ರಬಲ, ಹೊಂಬಣ್ಣ ಮತ್ತು ಕೆಂಪು ದುರ್ಬಲ. ಸಾಕುಪ್ರಾಣಿಗಳ ಪ್ರತ್ಯೇಕ ಕಂತುಗಳು 2006, 2011, 2017ರಲ್ಲಿ ಬಂದವು. 2023ರಲ್ಲಿ ನಾಲ್ಕನೆಯ ಸಿಮ್ಸ್‌ಗೆ ಕುದುರೆಗಳೂ ಬಂದವು.

'ಮಾಡ್' ಎಂಬುದು ಇಂಗ್ಲಿಷಿನ 'ಮಾಡಿಫೈ'ಯ ಮೊಟಕು ರೂಪ. ಅದರ ಹಿಂದೆ ಲ್ಯಾಟಿನ್ನಿನ 'ಮೋಡುಸ್' ಇದೆ, ಅಳತೆ ಎಂದು ಅರ್ಥ. ಕನ್ನಡದ 'ಮಾಡು'ವಿಗೂ ಇದಕ್ಕೂ ನಂಟಿಲ್ಲ, ಕಿವಿಗೆ ಮಾತ್ರ ಹತ್ತಿರ. ಅಳತೆಗೆ ತರುವುದು ಎಂಬ ಹಳೆಯ ಅರ್ಥ ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ನಾಲ್ಕನೆಯ ಸಿಮ್ಸ್‌ನಲ್ಲಿ ಆಟದ ನಡೆಯನ್ನು ನಿಯಂತ್ರಿಸುವ ಬಹುಭಾಗ ಪೈಥಾನ್ ಭಾಷೆಯಲ್ಲಿದೆ. ಮಾಡ್ ಬರೆಯುವವರು ತಮ್ಮ ಕಡತವನ್ನು 'ಮಾಡ್ಸ್' ಫೋಲ್ಡರಿಗೆ ಹಾಕಿ, ಆಟದ ಸೆಟ್ಟಿಂಗಿನಲ್ಲಿ ಒಪ್ಪಿಗೆ ಕೊಟ್ಟರೆ ಹೊಸ ನಿಯಮ ಜಾರಿಗೆ ಬರುತ್ತದೆ. ಆದರೆ ಯಾವ ನಿಯಮ? ಕೆಲಸ ಕಠಿಣವಾಗುವುದು ಇಲ್ಲಿ.

ಕಾಲದ ಅಳತೆಯಿಂದ ಆರಂಭಿಸೋಣ. ನಾಯಿಯ ಗಬ್ಬ ಸುಮಾರು 63 ದಿನ. ಆಟದ ಒಂದು ನಿಮಿಷಕ್ಕೆ ನಮ್ಮ ಒಂದು ಸೆಕೆಂಡ್, ಆದ್ದರಿಂದ ಆಟದ ಒಂದು ದಿನ ನಮ್ಮ 24 ನಿಮಿಷ. ಗಬ್ಬವನ್ನು ನಿಜವಾಗಿಯೂ 63 ದಿನ ಇಟ್ಟರೆ ಆಟಗಾರ 25 ಗಂಟೆಗೂ ಹೆಚ್ಚು ಕಾಲ ಕಾಯಬೇಕು. ಅತ್ತ ಆಟದಲ್ಲಿ ಮನುಷ್ಯರ ಬಸಿರೇ ಮೂರು ದಿನದ್ದು. ಆ ಪ್ರಮಾಣಕ್ಕೆ ಇಳಿಸಿದರೆ ನಾಯಿಯ ಗಬ್ಬ ಆಟದ ಸುಮಾರು 17 ಗಂಟೆಗೆ ಮುಗಿಯಬೇಕು. ಲ್ಯಾಬ್ರಡಾರ್ ಒಂದು ಸೂಲಿಗೆ ಏಳೆಂಟು ಮರಿ ಹಾಕುವುದು ಸಾಮಾನ್ಯ, ಆಟದ ಒಂದು ಮನೆಯಲ್ಲಿ ಮನುಷ್ಯರೂ ಪ್ರಾಣಿಗಳೂ ಸೇರಿ ಎಂಟೇ ಮಂದಿಗೆ ಜಾಗ. ಹೆಣ್ಣುನಾಯಿ ವರ್ಷವಿಡೀ ಕೂಡುವುದಿಲ್ಲ, ಬೆದೆಗೆ ಬರಬೇಕು, ಅದು ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ. ಬೆದೆಯ ಸುತ್ತು ಇಲ್ಲದೆ ಹೋದರೆ ಮರಿಗಳ ಕಾರ್ಖಾನೆಯೇ ಆಗಿಬಿಡುತ್ತದೆ. ಇವೆಲ್ಲವನ್ನೂ ತೂಗಿನೋಡಿ, ಯಾವುದನ್ನು ಪೂರ್ತಿ ಉಳಿಸಬೇಕು, ಯಾವುದನ್ನು ಪ್ರಮಾಣಕ್ಕೆ ಇಳಿಸಬೇಕು ಎಂದು ತೀರ್ಮಾನಿಸುವುದೇ ಮಾಡ್ ಬರೆಯುವವರ ಕಲೆ. ನೈಜತೆ ಎಂದರೆ ಅಂಕಿಗಳನ್ನು ನಕಲು ಮಾಡುವುದಲ್ಲ. ಸಂಬಂಧಗಳ ಅಳತೆ ಕೆಡದಂತೆ ಕಾಯುವುದು ಅದರ ತಿರುಳು.

ಇನ್ನು ಬಣ್ಣದ ವಿಷಯ. ಲ್ಯಾಬ್ರಡಾರ್ ಮೂರು ಬಣ್ಣಗಳಲ್ಲಿ ಬರುತ್ತದೆ: ಕಪ್ಪು, ಚಾಕೊಲೇಟ್, ಹಳದಿ. ಇದನ್ನು ತೀರ್ಮಾನಿಸುವುದು ಮುಖ್ಯವಾಗಿ ಎರಡು ಜೀನುಗಳು. ಮೊದಲನೆಯದು ಮೈಯಲ್ಲಿ ತಯಾರಾಗುವ ಗಾಢ ಬಣ್ಣ ಕಪ್ಪೋ ಚಾಕೊಲೇಟೋ ಎಂದು ನಿರ್ಧರಿಸುತ್ತದೆ. ಇದರಲ್ಲಿ ಕಪ್ಪು ಪ್ರಬಲ. ಎರಡನೆಯದು ಆ ಗಾಢ ಬಣ್ಣ ಕೂದಲಿಗೆ ಇಳಿಯಲು ಬಿಡಬೇಕೋ ಬೇಡವೋ ಎಂದು ನಿರ್ಧರಿಸುತ್ತದೆ. 'ಬೇಡ' ಎನ್ನುವ ಎರಡು ಪ್ರತಿಗಳು ಕೂಡಿದರೆ, ಮೊದಲನೆಯದು ಏನೇ ಹೇಳಲಿ, ಮರಿ ಹಳದಿ. ಎರಡೂ ಜೀನುಗಳಲ್ಲಿ ಒಂದೊಂದು ಮರೆಯ ಪ್ರತಿ ಹೊತ್ತ ಎರಡು ಕಪ್ಪು ನಾಯಿಗಳನ್ನು ಕೂಡಿಸಿದಾಗ, ಸರಾಸರಿಯಲ್ಲಿ 16 ಮರಿಗಳಿಗೆ 9 ಕಪ್ಪು, 3 ಚಾಕೊಲೇಟ್, 4 ಹಳದಿ. ಕಪ್ಪು ಹೆತ್ತವರಿಗೆ ಹಳದಿ ಮರಿ ಹುಟ್ಟಿತೆಂದು ಬೆರಗಾಗುವವರಿಗೆ ಇದೇ ಉತ್ತರ. ಹಳದಿ ಮರಿಯ ಮೂಗನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಗುಟ್ಟು ತಿಳಿಯುತ್ತದೆ. ಮೂಗು, ತುಟಿ, ಕಣ್ಣಿನ ಅಂಚು ಕಪ್ಪಾಗಿದ್ದರೆ ಒಳಗೆ ಕಪ್ಪಿನ ಪ್ರತಿ ಇದೆ. ಕಂದಾಗಿದ್ದರೆ ಎರಡೂ ಪ್ರತಿ ಚಾಕೊಲೇಟಿನವು. ಕೂದಲಿನಲ್ಲಿ ಕಾಣದ್ದು ಮೂಗಿನಲ್ಲಿ ಕಾಣುತ್ತದೆ.

ಮೈಬಣ್ಣದ ಚಿತ್ರವನ್ನಷ್ಟೇ ತಾಯಿಯಿಂದಲೋ ತಂದೆಯಿಂದಲೋ ಎತ್ತಿ ಮರಿಗೆ ಅಂಟಿಸುವ ಆಟದಲ್ಲಿ ಇದು ಸಾಧ್ಯವಾಗದು. ಆದ್ದರಿಂದ ಮಾಡ್ ಬರೆಯುವವರು ಪ್ರತಿ ನಾಯಿಗೂ ಕಣ್ಣಿಗೆ ಕಾಣದ ಒಂದು ಚಿಕ್ಕ ಕೋಷ್ಟಕ ಕೊಡಬೇಕು. ಅದರಲ್ಲಿ ಪ್ರತಿ ಜೀನಿಗೂ ಎರಡು ಮನೆಗಳಿರಬೇಕು. ಮರಿ ಹುಟ್ಟುವ ಗಳಿಗೆಯಲ್ಲಿ ತಾಯಿಯ ಎರಡು ಮನೆಗಳಿಂದ ಒಂದನ್ನು, ತಂದೆಯ ಎರಡರಿಂದ ಒಂದನ್ನು ಚೀಟಿ ಎತ್ತಿದಂತೆ ಆರಿಸಬೇಕು. ಬಣ್ಣ ಬಳಿಯುವುದು ಆಮೇಲೆ. ಬೆಕ್ಕಿಗೆ ನಿಯಮ ಬೇರೆ. ಕಿತ್ತಳೆ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಕಪ್ಪು ಕಿತ್ತಳೆ ಬೆರೆತ ಮೈಯ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು, ಗಂಡು ತೀರ ಅಪರೂಪ. ಇದನ್ನು ಅರಿಯದೆ ಬರೆದ ಮಾಡ್ ಚಂದದ ಮರಿಗಳನ್ನು ಕೊಟ್ಟರೂ ನಿಜವಾದ ಮರಿಗಳನ್ನು ಕೊಡುವುದಿಲ್ಲ.

ನೈಜತೆ ಬಯಸಿದವರು ನೋವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಬೂದು ಮೈಯ ಮೇಲೆ ಗಾಢ ಬಣ್ಣ ಚೆಲ್ಲಿದಂತಿರುವ 'ಮರ್ಲ್' ಬಣ್ಣಕ್ಕೆ ನಾಯಿ ಸಾಕುವವರಲ್ಲಿ ಬಹಳ ಬೇಡಿಕೆ. ಆ ಬಣ್ಣಕ್ಕೆ ಒಂದು ಪ್ರತಿ ಸಾಕು. ಎರಡು ಮರ್ಲ್ ನಾಯಿಗಳನ್ನು ಕೂಡಿಸಿದರೆ ನಾಲ್ಕರಲ್ಲೊಂದು ಮರಿಗೆ ಎರಡೂ ಪ್ರತಿ ಬರುತ್ತದೆ. ಅಂಥ ಮರಿಗಳಲ್ಲಿ ಕಿವುಡು, ಕುರುಡು ಹೆಚ್ಚು. ಬಣ್ಣವನ್ನು ಮಾತ್ರ ತಂದು ಈ ಪರಿಣಾಮವನ್ನು ಬಿಟ್ಟುಬಿಟ್ಟ ಆಟ ಆಡುವವರಿಗೆ ಸುಳ್ಳು ಕಲಿಸುತ್ತದೆ. ಇದೇ ಕಾರಣಕ್ಕೆ ಪೆಡಿಗ್ರಿಯ ದಾಖಲೆ ಆಟದೊಳಗೆ ಬೇಕು. ಪ್ರಾಣಿ ಆಟದಿಂದ ಮರೆಯಾದರೂ ಅದರ ಹೆಸರು ಕಡತದಿಂದ ಅಳಿಯಬಾರದು. ಎರಡು ನಾಯಿಗಳನ್ನು ಕೂಡಿಸುವ ಮೊದಲು ಮಾಡ್ ಇಬ್ಬರ ಹಿರಿಯರ ಸಾಲಿನಲ್ಲೂ ಹಿಂದಕ್ಕೆ ನಡೆದು, ಸಾಮಾನ್ಯ ಹಿರಿಯರನ್ನು ಹುಡುಕಿ, ಸೀವಾಲ್ ರೈಟ್‌ನ ಲೆಕ್ಕ ಹಾಕಿ, ಮರಿಗಳ ಸಂಖ್ಯೆಯನ್ನೋ ಆರೋಗ್ಯವನ್ನೋ ಅದಕ್ಕೆ ತಕ್ಕಂತೆ ತಗ್ಗಿಸಬೇಕು. ಹೀಗೆ ಮಾಡಿದಾಗ ಆಟಗಾರನಿಗೆ ಪೆಡಿಗ್ರಿ ಹೆಮ್ಮೆಯ ಪತ್ರವಾಗಿ ಉಳಿಯುವುದಿಲ್ಲ. ಮರಿ ಹುಟ್ಟುವ ಮೊದಲು ಓದಲೇಬೇಕಾದ ದಾಖಲೆಯಾಗುತ್ತದೆ. ಮಧ್ಯಯುಗದ ಲಿಪಿಕಾರ ಎಳೆದ ಗೆರೆಗೂ ಇದೇ ಕೆಲಸವಿತ್ತು: ಯಾರು ಯಾರಿಗೆ ಹುಟ್ಟಿದರು ಎಂದು ತಪ್ಪಿಲ್ಲದೆ ತೋರಿಸುವುದು.

ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಪದ ಮೊದಲಿನಿಂದ ಇದೆ: 'ತಳಿ'. ರಾಗಿಗೂ ತಳಿ, ಭತ್ತಕ್ಕೂ ತಳಿ, ಹಳ್ಳಿಕಾರ್ ಹೋರಿಗೂ ತಳಿ, ಮುಧೋಳದ ನಾಯಿಗೂ ತಳಿ. ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟ 'ರಾಗಿ ಲಕ್ಷ್ಮಣಯ್ಯ'ನವರನ್ನು ನಮ್ಮ ರೈತರು ನೆನೆಯುವುದು ಬೆರಕೆ ಮಾಡಿದರೆಂದೇ. ಆ ಬೆರಕೆ ಹೊಟ್ಟೆ ತುಂಬಿಸಿತು. ಮುಧೋಳದ ಬೇಟೆನಾಯಿಯನ್ನು ಘೋರ್ಪಡೆ ಅರಸು ಮನೆತನವೂ ಊರ ಜನರೂ ಓಟದ ಕಸುವು ನೋಡಿ ಉಳಿಸಿಕೊಂಡು ಬಂದರು. ಇಂದು ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ, ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ, ಅದಕ್ಕಾಗಿಯೇ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಜಾತಿ, ಕಂತ್ರಿ ಎಂಬ ಮಾತುಗಳಿಗಿಂತ ತಳಿ ಎಂಬ ಮಾತು ಹೆಚ್ಚು ನಿಜವಾದದ್ದು. ಗುಣವನ್ನು ಹೇಳಿ ಸುಮ್ಮನಾಗುವ, ಮೇಲುಕೀಳನ್ನು ಎಣಿಸದ ಪದ ಅದು.

ನಾಯಿಮರಿ ತರಲು ಹೊರಟವರಿಗೆ ನನ್ನದೊಂದು ಬಿನ್ನಹ. ಮಾರುವವರು ಪೆಡಿಗ್ರಿ ಕಾಗದ ಕೊಟ್ಟರೆ ಮೇಲಿನ ಮುದ್ರೆ ನೋಡಿ ಮಡಚಿಡಬೇಡಿ. ಹೆಸರುಗಳನ್ನು ಓದಿ. ತಂದೆಯ ಸಾಲಿನಲ್ಲಿರುವ ಹೆಸರು ತಾಯಿಯ ಸಾಲಿನಲ್ಲೂ ಬಂದಿದೆಯೇ ನೋಡಿ, ಬಂದಿದ್ದರೆ ಎಷ್ಟು ಹತ್ತಿರದಲ್ಲಿ ಬಂದಿದೆ ಎಂದು ಎಣಿಸಿ. ಹೆತ್ತ ನಾಯಿಗಳ ಕಣ್ಣು, ಕಿವಿ, ಸೊಂಟದ ಕೀಲಿನ ತಪಾಸಣೆಯ ವಿವರ ಕೇಳಿ. ಉತ್ತರ ಸಿಗದಿದ್ದರೆ ಆ ಮರಿಯನ್ನು ತರಬೇಡಿ. ಬದಲಿಗೆ ನಿಮ್ಮ ಬೀದಿಯಲ್ಲೇ ಹುಟ್ಟಿದ ಮರಿಯೊಂದನ್ನು ಮನೆಗೆ ಕರೆತನ್ನಿ. ಅದರ ಪೆಡಿಗ್ರಿ ಕಾಗದದ ಮೇಲೆ ಇಲ್ಲದಿರಬಹುದು, ಮೈಯಲ್ಲಿ ಇದೆ.